ವೇಷ ಬದಲಾಗುವಾಗ ಖಳನಾಯಕ ಯಾಕೆ ಸುಮ್ಮನಿರುತ್ತಾನೆ?

ಮಾಮೂಲಿ ಹುಡುಗಿ ಮಾಂತ್ರಿಕ ಶಕ್ತಿಯಿಂದ ರೂಪ ಬದಲಿಸುವ ಜಪಾನಿ ಆನಿಮೇಷನ್ ಸರಣಿಗಳ, ಎಂದರೆ ಮಾಂತ್ರಿಕ ಹುಡುಗಿಯರ ಆನಿಮೆ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ. ಮಿಕ್ಕವು ಹೆಚ್ಚುಕಮ್ಮಿ ಇವುಗಳ ನೆಂಟರೇ.

ಪ್ರಶ್ನೆ: ಮಗಳ ಜೊತೆ ಕೂತು ಹಳೆಯ ‘ಸೈಲರ್ ಮೂನ್’ ನೋಡುತ್ತಿದ್ದೇನೆ. ಪ್ರತಿ ಕಂತಿನಲ್ಲೂ ಅದೇ ರೂಪಾಂತರ, ಅದೇ ಸಂಗೀತ. ಇದು ದುಡ್ಡು ಉಳಿಸುವ ಉಪಾಯವೇ? ಆ ಭಾಗವನ್ನು ಓಡಿಸಿಬಿಟ್ಟರೆ ಏನಾದರೂ ತಪ್ಪಿಹೋಗುತ್ತದೆಯೇ?

ಉಳಿತಾಯದ ಉಪಾಯವೇ ಹೌದು, ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಒಮ್ಮೆ ಬಿಡಿಸಿ ಇಟ್ಟುಕೊಂಡು ಮತ್ತೆ ಮತ್ತೆ ಬಳಸುವ ಇಂಥ ತುಣುಕಿಗೆ ಜಪಾನಿನ ಸ್ಟುಡಿಯೊಗಳಲ್ಲಿ ‘ಬ್ಯಾಂಕ್’ ಎನ್ನುತ್ತಾರೆ. ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮು ಓಡುತ್ತವೆ. ಟಿವಿ ಆನಿಮೆಯಲ್ಲಿ ಸಾಮಾನ್ಯವಾಗಿ ಮೂರು ಫ್ರೇಮಿಗೆ ಒಂದು ಚಿತ್ರ, ಎಂದರೆ ಸೆಕೆಂಡಿಗೆ ಎಂಟು. ನುಣುಪಾಗಿ ಕಾಣಬೇಕಾದಲ್ಲಿ ಎರಡು ಫ್ರೇಮಿಗೆ ಒಂದು. ಆ ಲೆಕ್ಕದಲ್ಲಿ 40 ಸೆಕೆಂಡಿನ ರೂಪಾಂತರಕ್ಕೆ 480 ಚಿತ್ರ ಬೇಕು. ವಾರಕ್ಕೊಂದು ಕಂತು ಕೊಡಬೇಕಾದವರು ಅಷ್ಟನ್ನು ಪ್ರತಿ ವಾರ ಹೊಸದಾಗಿ ಬಿಡಿಸುತ್ತ ಕೂರಲಾಗದು. ಹತ್ತಾರು ಸಲ ಕಾಣುವ ತುಣುಕು ಎಂದು ಗೊತ್ತಿರುವುದರಿಂದಲೇ ಕೈ ಪಳಗಿದ ಕಲಾವಿದರನ್ನು ಅದಕ್ಕೆ ಹಚ್ಚುತ್ತಾರೆ. ಕಂತಿನ ಉಳಿದ ಭಾಗಕ್ಕಿಂತ ಅದು ಹೊಳೆಯುವುದು ಇದೇ ಕಾರಣಕ್ಕೆ.

ಆಟಿಕೆಯ ವ್ಯವಹಾರವೂ ಅಲ್ಲೇ ಇದೆ. ರೂಪ ಬದಲಿಸಲು ಬಳಸುವ ಬ್ರೋಚನ್ನು (ಎದೆಗೆ ಸಿಕ್ಕಿಸುವ ಪದಕವನ್ನು) ಹೇಗೆ ಎತ್ತಬೇಕು, ಯಾವಾಗ ತೆರೆಯಬೇಕು, ಯಾವ ಮಾತು ಹೇಳಬೇಕು ಎಂಬುದು ಮನೆಯಲ್ಲಿ ಆಡುವ ಮಗುವಿಗೆ ಕ್ರಮವಾಗಿ ಕಾಣಬೇಕು. ಆನಿಮೆಯ ಜೊತೆಜೊತೆಗೇ ಅಂಗಡಿಗೆ ಬ್ರೋಚ್ ಬರುತ್ತಿತ್ತು.

ಕಥೆಯ ಮಟ್ಟಿಗೆ ಹೇಳುವುದಾದರೆ, ಈ ಪುನರಾವರ್ತನೆ ಒಂದು ಅಳತೆಗೋಲು. ಮೊದಲ ಸರಣಿಯಲ್ಲಿ ನಾಯಕಿ ಉಸಾಗಿ ಹೇಳುವುದು ‘ಮೂನ್ ಪ್ರಿಸಂ ಪವರ್, ಮೇಕಪ್’. ಎರಡನೆಯದರಲ್ಲಿ ಹೊಸ ಬ್ರೋಚ್ ಸಿಕ್ಕಾಗ ಅದು ‘ಮೂನ್ ಕ್ರಿಸ್ಟಲ್ ಪವರ್’ ಆಗುತ್ತದೆ. ಹಳೆಯದು ಬಾಯಿಪಾಠವಾಗಿದ್ದ ಮಗು ಆ ಒಂದು ಪದಕ್ಕೇ ಎದ್ದು ಕೂರುತ್ತದೆ. ಮಾಮೂಲಿ ಕಂತಿನಲ್ಲಿ ಬೇಕಾದರೆ ಓಡಿಸಿ. ಪ್ರತಿ ಪಾತ್ರದ ಮೊದಲ ರೂಪಾಂತರವನ್ನೂ ಸರಣಿಯ ಕೊನೆಯ ನಾಲ್ಕೈದು ಕಂತುಗಳನ್ನೂ ಮಾತ್ರ ಓಡಿಸಬೇಡಿ.

ಪ್ರಶ್ನೆ: ಅವಳು ವೇಷ ಬದಲಿಸುವಾಗ ಖಳ ಯಾಕೆ ದಾಳಿ ಮಾಡುವುದಿಲ್ಲ? ಮುಖವಾಡವೂ ಇಲ್ಲದ ಅವಳನ್ನು ಗೆಳತಿಯರು ಗುರುತಿಸದಿರುವುದು ಹೇಗೆ?

ಯಕ್ಷಗಾನದ ಒಡ್ಡೋಲಗದಲ್ಲಿ ವೇಷ ಕುಣಿಯುತ್ತಿರುವಾಗ ಎದುರಾಳಿ ಯಾಕೆ ಬಾಣ ಬಿಡಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಇದೂ ಹಾಗೆಯೇ. ರೂಪಾಂತರ ನಡೆಯುವುದು ಪ್ರೇಕ್ಷಕರ ಕಾಲದಲ್ಲಿ, ಯುದ್ಧದ ಕಾಲದಲ್ಲಿ ಅಲ್ಲ. ಅದಾದ ಮೇಲೆ ಹೆಸರು ಹೇಳಿ ಭಂಗಿ ಹಿಡಿಯುವುದಕ್ಕೆ ಜಪಾನಿಯಲ್ಲಿ ‘ನಾನೋರಿ’ ಎನ್ನುತ್ತಾರೆ. ಕಬುಕಿ ರಂಗದಲ್ಲಿ ಐವರು ಕಳ್ಳರು ಸಾಲಾಗಿ ನಿಂತು ಒಬ್ಬೊಬ್ಬರೇ ಹೆಸರು ಹೇಳಿಕೊಳ್ಳುವ 1862ರ ಪ್ರಸಿದ್ಧ ದೃಶ್ಯವಿದೆ. 1975ರಲ್ಲಿ ಶುರುವಾದ ‘ಸೂಪರ್ ಸೆಂಟಾಯ್’ ಎಂಬ ಜಪಾನಿ ಟಿವಿ ಸಾಹಸ ಸರಣಿಗಳ ಬಣ್ಣಬಣ್ಣದ ಐವರೂ ಹಾಗೆಯೇ ಸಾಲಾಗಿ ನಿಂತರು. 1992ರಲ್ಲಿ ‘ಸೈಲರ್ ಮೂನ್’ ಆ ಐವರ ತಂಡವನ್ನು ಮಾಂತ್ರಿಕ ಹುಡುಗಿಯ ಕಥೆಗೆ ತಂದು ಕೂಡಿಸಿತು.

ಇನ್ನು ಮುಖದ ಮಾತು. ಅದು ಒಪ್ಪಂದ, ಅಷ್ಟೇ. ತರ್ಕ ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆ: ಒಂದು ಕಂತಿನ ಕಥೆ ಕಟ್ಟುವುದಕ್ಕೆ ನಿಜವಾಗಿ ಸೂತ್ರವಿದೆಯೇ?

ಇದೆ, ಮತ್ತು ಅದು ಹೊರಗಿನವರು ಅಂದುಕೊಂಡದ್ದಕ್ಕಿಂತ ಜಾಣತನದ್ದು. ಅರ್ಧ ಗಂಟೆಯ ಜಾಗದಲ್ಲಿ ಜಾಹೀರಾತು ಕಳೆದು, ಒಂದೂವರೆ ನಿಮಿಷದ ಆರಂಭಗೀತೆ, ಅಷ್ಟೇ ಉದ್ದದ ಅಂತ್ಯಗೀತೆ ಕಳೆದು ಕಥೆಗೆ ಸಿಗುವುದು ಸುಮಾರು 20 ನಿಮಿಷ. ನಡುವಿನ ಜಾಹೀರಾತು ಅದನ್ನು ಎರಡು ಭಾಗ ಮಾಡುತ್ತದೆ.

ಮೊದಲ ಭಾಗದಲ್ಲಿ ಹುಡುಗಿಯ ಆ ವಾರದ ಚಿಂತೆ ಬರುತ್ತದೆ: ಅಂಕ ಕಡಿಮೆ, ತೂಕ ಜಾಸ್ತಿ, ಗೆಳತಿಯ ಮೇಲೆ ಮುನಿಸು. ಖಳನ ಬಲೆ ಅದೇ ಚಿಂತೆಯ ಆಕಾರದಲ್ಲಿ ಬರಬೇಕು, ಸೂತ್ರದ ಕೀಲಿ ಇರುವುದು ಇಲ್ಲಿ. ‘ಸೈಲರ್ ಮೂನ್’ನ ಮೊದಲ ಕಂತಿನಲ್ಲಿ ಬಲೆ ಇರುವುದು ಒಡವೆ ಅಂಗಡಿಯ ಭಾರಿ ರಿಯಾಯಿತಿಯಲ್ಲಿ. ಒಡವೆ ಕಂಡರೆ ಉಸಾಗಿಗೂ ಆಸೆ, ಮುಗಿಬಿದ್ದ ಗಿರಾಕಿಗಳ ಚೈತನ್ಯವನ್ನು ಹೀರುವುದೂ ಅದೇ ಒಡವೆ. ನಾಲ್ಕನೇ ಕಂತಿನಲ್ಲಿ ತೂಕದ ಚಿಂತೆ, ಬಲೆ ಜಿಮ್‌ನಲ್ಲಿ. ಹೀಗಿದ್ದಾಗ ರಾಕ್ಷಸನನ್ನು ಸೋಲಿಸುವುದೂ ಚಿಂತೆಯನ್ನು ಎದುರಿಸುವುದೂ ಒಂದೇ ಜಗಳವಾಗುತ್ತವೆ. ಎರಡರ ನಡುವೆ ನಂಟಿಲ್ಲದ ಕಂತುಗಳು ಎಲ್ಲ ಸರಣಿಗಳಲ್ಲೂ ಇವೆ. ಅವುಗಳಲ್ಲಿ ಹೊಡೆದಾಟ ಅಂಟಿಸಿದಂತೆ ಕಾಣುತ್ತದೆ, ಮಕ್ಕಳೂ ಎದ್ದು ನೀರು ಕುಡಿಯಲು ಹೋಗುತ್ತಾರೆ.

ಎರಡನೇ ಭಾಗದ ನಡುವೆ ಎಲ್ಲೋ ರೂಪಾಂತರ. ಮೊದಲ ಪೆಟ್ಟು ವಿಫಲವಾಗಬೇಕು, ಇಲ್ಲವಾದರೆ ಕೊನೆಯ ಅಸ್ತ್ರಕ್ಕೆ ತೂಕ ಬರುವುದಿಲ್ಲ. ಆಮೇಲೆ ನೆರವು, ಅದಾದ ಮೇಲೆ ಅಸ್ತ್ರದ ಬ್ಯಾಂಕ್. ಕೊನೆಯ ಒಂದೆರಡು ನಿಮಿಷದಲ್ಲಿ ಮತ್ತೆ ಮನೆ, ಶಾಲೆ. ಗಮನಿಸಿ, ಮಾಂತ್ರಿಕ ಶಕ್ತಿ ರಾಕ್ಷಸನನ್ನು ಮಾತ್ರ ಓಡಿಸುತ್ತದೆ. ಅಂಕ ಕಡಿಮೆಯಾಗಿದ್ದರೆ ಅದು ಕಡಿಮೆಯೇ. ಈ ಗೆರೆ ದಾಟಿ ಮಂತ್ರದಂಡದಿಂದಲೇ ಸಂಸಾರದ ತೊಡಕು ಬಿಡಿಸಿದರೆ ಮುಂದಿನ ವಾರಕ್ಕೆ ಕಥೆ ಉಳಿಯುವುದಿಲ್ಲ.

ವರ್ಷದ ಲೆಕ್ಕ ಬೇರೆ. ಮೊದಲ ‘ಸೈಲರ್ ಮೂನ್’ ಸರಣಿಗೆ 46 ಕಂತು. ಉಸಾಗಿಯ ತಂಡ ಸೇರುವ ನಾಲ್ವರಲ್ಲಿ ಆಮಿ ಬರುವುದು 8ರಲ್ಲಿ, ರೇ 10ರಲ್ಲಿ, ಮಾಕೊಟೊ 25ರಲ್ಲಿ, ಮಿನಾಕೊ 33ರಲ್ಲಿ. ಅದರ ಮುಂದಿನ ಕಂತಿನಲ್ಲೇ ಅವರು ಹುಡುಕುತ್ತಿದ್ದ ರಾಜಕುಮಾರಿ ಯಾರೆಂಬ ಗುಟ್ಟು ರಟ್ಟಾಗುತ್ತದೆ. 10ರಿಂದ 25ರವರೆಗೆ ಹೊಸ ಹುಡುಗಿ ಯಾರೂ ಇಲ್ಲ. ಆ ಜಾಗವನ್ನು ಖಳರ ಕಡೆಯ ನೆಫ್ರೈಟ್ ಮತ್ತು ಉಸಾಗಿಯ ಗೆಳತಿ ನಾರು ತುಂಬುತ್ತಾರೆ. ತಂಡ ದೊಡ್ಡದಾಗದ ಕಾಲದಲ್ಲಿ ಖಳನನ್ನು ಆಳವಾಗಿಸುವುದು ಇಂದಿಗೂ ಬರಹಗಾರರು ಕಲಿಯಬೇಕಾದ ಪಟ್ಟು.

ಪ್ರಶ್ನೆ: 2011ರ ‘ಮಡೋಕಾ ಮ್ಯಾಜಿಕಾ’ ಈ ಎಲ್ಲ ಸಂಪ್ರದಾಯಗಳನ್ನು ಮುರಿಯಿತು ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಸಾವು ಮೊದಲೇ ಇತ್ತು. 1982ರಲ್ಲಿ ಶುರುವಾದ ‘ಮಿಂಕಿ ಮೊಮೊ’ದ 46ನೇ ಕಂತಿನಲ್ಲಿ ನಾಯಕಿ ಲಾರಿಯಡಿ ಸಿಕ್ಕಿ ಸಾಯುತ್ತಾಳೆ. ‘ಸೈಲರ್ ಮೂನ್’ನ 45ನೇ ಕಂತಿನಲ್ಲಿ ನಾಲ್ವರು ಗೆಳತಿಯರೂ ಒಬ್ಬೊಬ್ಬರಾಗಿ ಬೀಳುತ್ತಾರೆ. ಹಾಗಾಗಿ ‘ಮಡೋಕಾ’ದ ಮೂರನೇ ಕಂತಿನಲ್ಲಿ ಹಿರಿಯ ಮಾಂತ್ರಿಕ ಹುಡುಗಿ ಮಾಮಿ ಸತ್ತದ್ದೇ ಹೊಸತು ಎನ್ನಲಾಗದು. ಹೊಸತು ಏನೆಂದರೆ ಅದು ಮೂರನೇ ಕಂತಿನಲ್ಲೇ ಆದದ್ದು, ಎಂದರೆ ನೋಡುಗರು ಇನ್ನೂ ನಿಯಮ ಕಲಿಯುತ್ತಿರುವಾಗ.

ಈ ಸರಣಿ ನಿಯಮ ಮುರಿಯುವುದಕ್ಕಿಂತ ಹೆಚ್ಚಾಗಿ ಅದನ್ನು ಕರಾರು ಪತ್ರದಂತೆ ಓದುತ್ತದೆ. ಮುದ್ದು ಪ್ರಾಣಿ ಬಂದು ಶಕ್ತಿ ಕೊಡುತ್ತದೆ, ಸರಿ. ಅದಕ್ಕೇನು ಲಾಭ? ಕ್ಯೂಬೇ ಎಂಬ ಪ್ರಾಣಿ ಸುಳ್ಳು ಹೇಳುವುದಿಲ್ಲ. ಕೇಳದಿದ್ದನ್ನು ಹೇಳುವುದೂ ಇಲ್ಲ. ಆರಂಭಗೀತೆಯಲ್ಲಿ ನಾಯಕಿ ಮಡೋಕಾ ವೇಷ ಬದಲಿಸುವುದು ಪ್ರತಿ ವಾರ ಕಾಣುತ್ತದೆ, ಆದರೆ ಕಥೆಯ ವರ್ತಮಾನದಲ್ಲಿ ಅವಳು ಕ್ಯೂಬೇ ಜೊತೆ ಕರಾರು ಮಾಡಿಕೊಂಡು ಮಾಂತ್ರಿಕ ಹುಡುಗಿಯಾಗುವುದು ಕೊನೆಯ, 12ನೇ ಕಂತಿನಲ್ಲಿ. 10ನೇ ಕಂತಿನಲ್ಲಿ ಅವಳ ಸಹಪಾಠಿ ಹೊಮುರಾಳ ಹಿಂದಿನ ಕಥೆ ಬಿಚ್ಚಿಕೊಂಡು, ಆರಂಭದಲ್ಲಿ ಬರಬೇಕಾದ ಹಾಡು ಕೊನೆಯಲ್ಲಿ ಬಂದಾಗ ಅದು ಯಾರ ಹಾಡು ಎಂಬುದು ತಿಳಿಯುತ್ತದೆ. ಆರಂಭಗೀತೆ ಎಂದರೆ ಅಲಂಕಾರ ಎಂಬ ನಮ್ಮ ರೂಢಿಯನ್ನೇ ಬಳಸಿದ ಏಟು ಅದು. ಮುಂಚೆ ಯಾವುದೂ ನೋಡದವರಿಗೆ ಆ ಏಟಿನ ಅರ್ಧ ಮಾತ್ರ ತಗಲುತ್ತದೆ. ಅದಕ್ಕೆ ನಮ್ಮ ಸಲಹೆ: ‘ಕಾರ್ಡ್‌ಕ್ಯಾಪ್ಟರ್ ಸಾಕುರಾ’ದ ಹತ್ತು ಕಂತನ್ನಾದರೂ ಮೊದಲು ನೋಡಿ.

ಪ್ರಶ್ನೆ: ಕನ್ನಡದಲ್ಲಿ 12 ಅಧ್ಯಾಯಗಳ ಇಂಥದೊಂದು ಕಾಮಿಕ್ಸ್ ಬರೆಯುತ್ತಿದ್ದೇನೆ. ರೂಪಾಂತರವನ್ನು ಪ್ರತಿ ಅಧ್ಯಾಯದಲ್ಲೂ ಹಾಕಬೇಕೇ? ಎಲ್ಲಿ ಎಡವುತ್ತಾರೆ?

ಬೇಡ. ಕಾಗದದ ಮೇಲೆ ಸಂಗೀತವಿಲ್ಲ, ಚಲನೆಯಿಲ್ಲ, ಅದೇ ಪುಟ ಮತ್ತೆ ಬಂದರೆ ಓದುಗ ತಿರುವಿಹಾಕುತ್ತಾನೆ. ಒಂದನೇ ಅಧ್ಯಾಯದಲ್ಲಿ ಒಂದು ಪೂರ್ತಿ ಪುಟ ಕೊಡಿ, ನಾಲ್ಕು ಚೌಕಟ್ಟು: ವಸ್ತು, ಕೈ, ಕಣ್ಣು, ಭಂಗಿ. ಮುಂದಿನ ಅಧ್ಯಾಯಗಳಲ್ಲಿ ಕೈಯ ಒಂದೇ ಚೌಕಟ್ಟು ಸಾಕು, ಅದೇ ಕೋನ, ಪುಟದ ಅದೇ ಮೂಲೆ. ಆರು ಅಥವಾ ಏಳರಲ್ಲಿ ಪೂರ್ತಿ ಪುಟವನ್ನು ಮತ್ತೆ ತಂದು ಮೂರನೇ ಚೌಕಟ್ಟಿನಲ್ಲಿ ತಡೆಯಿರಿ. ಕೊನೆಯಲ್ಲಿ ನಾಲ್ಕೂ ಇರಲಿ, ಒಂದನ್ನು ಮಾತ್ರ ಬದಲಿಸಿ.

ಎಡವುವುದು ಬಹುಪಾಲು ಮೂರು ಕಡೆ. ನಿಯಮವನ್ನು ಬರೆದಿಟ್ಟುಕೊಳ್ಳದೆ ಶುರುಮಾಡುವುದು ಒಂದು. ರೂಪ ಬದಲಿಸಲು ಏನು ಕೈಯಲ್ಲಿರಬೇಕು, ಯಾರಿಗೆ ಗುಟ್ಟು ಗೊತ್ತು, ವಸ್ತು ಕಳೆದರೆ ಏನು, ಈ ಮೂರಕ್ಕೆ ಮೂರು ಸಾಲು ಸಾಕು. 2004ರ ‘ಫುತಾರಿ ವಾ ಪ್ರಿಟಿ ಕ್ಯೂರ್’ ನೋಡಿ: ಇಬ್ಬರು ಹುಡುಗಿಯರು ಕೈ ಹಿಡಿದರೆ ಮಾತ್ರ ರೂಪಾಂತರ. ಆ ಒಂದೇ ನಿಯಮದಿಂದ ಪ್ರತಿ ಜಗಳವೂ ಅಪಾಯವಾಗುತ್ತದೆ. 8ನೇ ಕಂತಿನಲ್ಲಿ ನಾಗಿಸಾ, ಹೊನೊಕಾ ಮಾತು ಬಿಡುತ್ತಾರೆ. ಅಲ್ಲಿಯವರೆಗೆ ಮನೆತನದ ಹೆಸರು ಹಿಡಿದು ಕರೆಯುತ್ತಿದ್ದವರು ಕಂತಿನ ಕೊನೆಗೆ ಸ್ವಂತ ಹೆಸರಿನಿಂದ ಕರೆದುಕೊಳ್ಳುತ್ತಾರೆ. ನಿಮ್ಮ ಕಥೆಯಲ್ಲಿ ‘ನೀವು’ ಯಾವಾಗ ‘ನೀನು’ ಆಗುತ್ತದೆ ಎಂದು ಮೊದಲೇ ಗುರುತು ಹಾಕಿಕೊಳ್ಳಿ.

ಎರಡನೆಯದು, ಐವರನ್ನೂ ಮೊದಲ ಅಧ್ಯಾಯದಲ್ಲೇ ತುರುಕುವುದು. 12 ಅಧ್ಯಾಯಕ್ಕೆ ಮೂವರು ಹೇರಳ.

ಮೂರನೆಯದು ಭಾಷೆ. ನಾನೋರಿಯ ಸಾಲು ಒಂದೇ ಉಸಿರಿಗೆ ಬರುವಷ್ಟು ಚಿಕ್ಕದಿರಲಿ. ಅದಕ್ಕೆ ಹಳೆಗನ್ನಡದ ಗತ್ತು ಬೇಕಿದ್ದರೆ ಧಾರಾಳವಾಗಿ ಕೊಡಿ, ಆದರೆ ಅದೇ ಹುಡುಗಿ ಮನೆಯಲ್ಲಿ ಅಮ್ಮನ ಜೊತೆ ತನ್ನ ಊರಿನ ಕನ್ನಡವನ್ನೇ ಆಡಬೇಕು. ಎರಡೂ ಕಡೆ ಪುಸ್ತಕದ ಭಾಷೆ ಬಂದರೆ ವೇಷ ಬದಲಾಗಿದ್ದು ಓದುಗನಿಗೆ ಗೊತ್ತೇ ಆಗುವುದಿಲ್ಲ.