ಎಟಿವಿಗೆ 2 ಇಂಚಿನ ಲಿಫ್ಟ್ ಕಿಟ್ ಮನೆಯಲ್ಲೇ ಹಾಕಬಹುದಾ?

ಆರು ವರ್ಷ ಹಳೆಯ ಎಟಿವಿ (ಕಚ್ಚಾ ದಾರಿಯಲ್ಲಿ ಓಡುವ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ), ಅಡಿಕೆ ತೋಟದ ದಾರಿ, ಮೊದಲೆಲ್ಲ ತಾಗದ ಗಾಡಿಯ ಹೊಟ್ಟೆ ಈಗ ಕಲ್ಲಿಗೆ ತಾಗುತ್ತದೆ. ಗಾಡಿ ಎತ್ತರ ಮಾಡುವ 2 ಇಂಚಿನ ಲಿಫ್ಟ್ ಕಿಟ್ ನಾನೇ ಹಾಕಲಾ, ಇಲ್ಲ 3 ಇಂಚಿನದ್ದೇ ತರಿಸಲಾ? ಇಷ್ಟಲ್ವಾ ನಿಮ್ಮ ಪ್ರಶ್ನೆ? ನಾಲ್ಕು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ತಿರುಗುತ್ತಿತ್ತು. ನೀವಾದರೂ ಕೇಳಿದಿರಿ. ನಾನು ಯಾರನ್ನೂ ಕೇಳದೆ ಆರ್ಡರ್ ಮಾಡಿದೆ.

ನಮ್ಮ ಮನೆ ಕಾರ್ಕಳದಿಂದ ಹೆಬ್ರಿ ಕಡೆ ಹೋಗುವಾಗ ಸ್ವಲ್ಪ ಒಳಗೆ. ಮನೆ ಗುಡ್ಡೆಯ ಬದಿಯಲ್ಲಿ, ತೋಟ ಕೆಳಗೆ ತೋಡಿನ ಹತ್ತಿರ. ನಡುವೆ ಮುರಕಲ್ಲಿನ ಇಳಿಜಾರು, ಆಮೇಲೆ ಮೂರು ಕಣಿ ದಾಟಬೇಕು. ಪಿಕಪ್ ಇಳಿಯುವುದಿಲ್ಲ, ಇಳಿದರೆ ಹತ್ತುವುದಿಲ್ಲ. ಹಾಗಾಗಿ ಒಂದು ಸೆಕೆಂಡ್ ಹ್ಯಾಂಡ್ ಎಟಿವಿ ತಂದೆ. 450 ಸಿಸಿ, ನಾಲ್ಕೂ ಚಕ್ರಕ್ಕೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಒಂದೊಂದು ಚಕ್ರವೂ ಬೇರೆ ಬೇರೆಯಾಗಿ ಏರಿ ಇಳಿಯುವಂಥದ್ದು), ಹಿಂದೆ ಒಂದು ಸಣ್ಣ ಟ್ರೈಲರ್. ಗೊಬ್ಬರ, ಸೋಗೆ, ಅಡಿಕೆ ಗೊನೆ ಎಲ್ಲ ಅದರಲ್ಲೇ. ಮಳೆಗಾಲದಲ್ಲಿ ಮದ್ದಿನ ಡ್ರಮ್ ಮತ್ತು ಪಂಪು. ಈ ಮದ್ದಿನ ಡ್ರಮ್ ನೆನಪಿಟ್ಟುಕೊಳ್ಳಿ, ಕಥೆ ಅಲ್ಲಿಗೇ ಬರುತ್ತದೆ.

ಹೊಟ್ಟೆ ತಾಗಲು ಶುರುವಾದದ್ದು ನಿಧಾನಕ್ಕೆ. ಮೊದಲು ಎರಡನೇ ಕಣಿಯಲ್ಲಿ ಮಾತ್ರ, ಆಮೇಲೆ ಮೂರರಲ್ಲೂ. ದಾರಿ ಹಾಳಾಯಿತು ಎಂದುಕೊಂಡೆ. ಕಿಟ್ ಬಂತು. ನಾಲ್ಕು ಜೊತೆ ಉಕ್ಕಿನ ಬ್ರಾಕೆಟ್, ಒಂದು ತೊಟ್ಟೆಯಲ್ಲಿ ಬೋಲ್ಟ್, ಒಂದು ಹಾಳೆ. ಹಾಳೆಯಲ್ಲಿ ಚಿತ್ರ ಮಾತ್ರ.

ಈ ಕಿಟ್ ಎಂದರೆ ದೊಡ್ಡ ವಿದ್ಯೆಯೇನೂ ಅಲ್ಲ. ಶಾಕ್ ಅಬ್ಸಾರ್ಬರಿನ ಮೇಲಿನ ತುದಿ ಚಾಸಿಯಲ್ಲಿ ಒಂದು ತೂತಿಗೆ ಬೋಲ್ಟ್ ಆಗಿರುತ್ತದೆ. ಆ ತೂತಿಗೆ ಬ್ರಾಕೆಟ್ ಕೂರಿಸುತ್ತೀರಿ, ಶಾಕ್ ಈಗ ಬ್ರಾಕೆಟಿನ ಕೆಳಗಿನ ತೂತಿಗೆ ಬರುತ್ತದೆ. ಶಾಕ್ ಕೆಳಗೆ ಇಳಿದಷ್ಟು ಚಕ್ರದ ತೋಳು ಕೆಳಗೆ ಹೋಗುತ್ತದೆ, ಗಾಡಿ ಮೇಲೆ ಏಳುತ್ತದೆ. ಶಾಕಿನ ಓಡಾಟ ಒಂದು ಇಂಚೂ ಜಾಸ್ತಿ ಆಗುವುದಿಲ್ಲ. ಲಿಫ್ಟ್ ಹಾಕಿದರೆ ಸವಾರಿ ಮೆತ್ತಗಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇನ್ನೊಂದು ಮಾತು. ನಿಮ್ಮ ಗಾಡಿಯ ಹಿಂದೆ ಒಂದೇ ಗಟ್ಟಿ ಆಕ್ಸಲ್ ಇದ್ದರೆ ಹಿಂದಿನ ಬ್ರಾಕೆಟ್ ಸುಮ್ನೆ ದಂಡ. ಮೇಲಿನ ಬಾಡಿ ಏಳುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದಕ್ಕೆ ದೊಡ್ಡ ಟೈರ್ ಒಂದೇ ದಾರಿ. ಅದರಲ್ಲೂ 2 ಇಂಚು ದೊಡ್ಡ ಟೈರ್ ಹಾಕಿದರೆ ಸಿಗುವುದು 1 ಇಂಚು.

ಏಪ್ರಿಲಿನ ಒಂದು ಭಾನುವಾರ ನಾನೂ ಭಾವನೂ ಸೇರಿ ಅಂಗಳದಲ್ಲೇ ಹಾಕಿದೆವು. ಭಾವ ದುಬೈಯಲ್ಲಿ ಹತ್ತು ವರ್ಷ ಕಾರಿನ ಗ್ಯಾರೇಜಿನಲ್ಲಿದ್ದವರು. "ನಾಲ್ಕು ಬೋಲ್ಟ್ ಅಲ್ವಾ ಮಾರಾಯ್ರೆ, ಇದರಲ್ಲಿ ಎಂತ ಉಂಟು" ಎಂದರು. ಕೆಲಸ ನಿಜಕ್ಕೂ ಸುಲಭ. ಮಧ್ಯಾಹ್ನದ ಗಂಜಿ ಊಟಕ್ಕೆ ಮೊದಲು ಮುಗಿಯಿತು. ಹ್ಯಾಂಡಲ್ ನೇರ ಇಟ್ಟರೂ ಎದುರಿನ ಚಕ್ರ ಓರೆ ನೋಡುತ್ತಿತ್ತು. ಹ್ಯಾಂಡಲ್ ತಿರುಗಿಸಿದಾಗ ಚಕ್ರವನ್ನು ತಿರುಗಿಸುವ ಸರಳು ಉಂಟಲ್ಲ, ಆ ಟೈ ರಾಡ್ ತಿರುಗಿಸಿ ಮೊದಲಿನ ಅಳತೆಗೆ ತಂದೆವು. ಬಿಚ್ಚುವ ಮೊದಲೇ ಎದುರಿನ ಎರಡು ಟೈರ್‌ಗಳ ನಡುವಿನ ದೂರವನ್ನು ಮುಂದಿನಿಂದ, ಹಿಂದಿನಿಂದ ಟೇಪಿನಲ್ಲಿ ಅಳೆದು ಬರೆದಿಟ್ಟಿದ್ದೆವು. ಅಷ್ಟು ಬುದ್ಧಿ ಇತ್ತು.

ಇಲ್ಲದ ಬುದ್ಧಿ ಯಾವುದು ಎಂದು ಈಗ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಗೇರ್ ಬಾಕ್ಸಿನ ಕಡೆಯಿಂದ ಚಕ್ರಕ್ಕೆ ಹೋಗುವ ಆಕ್ಸಲಿನ ಎರಡೂ ತುದಿಯಲ್ಲಿ ಸಿವಿ ಜಾಯಿಂಟ್ ಇರುತ್ತದೆ, ಆಕ್ಸಲ್ ಓರೆ ಇದ್ದರೂ ತಿರುಗಲು ಬಿಡುವ ಕೀಲು. ಒಳಗೆ ಉಕ್ಕಿನ ಗುಂಡುಗಳು, ಗ್ರೀಸ್. ಮೇಲೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ ಇರುವ ರಬ್ಬರ್ ಬೂಟ್. ಆಕ್ಸಲ್ ಹೆಚ್ಚುಕಡಿಮೆ ಅಡ್ಡ ಇದ್ದರೆ ಜಾಯಿಂಟ್ ಆರಾಮ ಇರುತ್ತದೆ. ಓರೆ ಆದಷ್ಟು ಗುಂಡುಗಳಿಗೆ ಒದ್ದಾಟ, ಬೂಟಿನ ಮಡಿಕೆ ಒಂದು ಬದಿಯಲ್ಲಿ ಒತ್ತಿ ಒಂದಕ್ಕೊಂದು ಉಜ್ಜುತ್ತದೆ. ಲಿಫ್ಟ್ ಹಾಕಿದಾಗ ಗೇರ್ ಬಾಕ್ಸ್ ಮೇಲೆ ಹೋಗುತ್ತದೆ, ಚಕ್ರ ನೆಲದಲ್ಲೇ ಇರುತ್ತದೆ. ಆಕ್ಸಲ್ ಓರೆ ಆಗಲೇಬೇಕು. ಇದು ನನಗೆ ಗೊತ್ತಿತ್ತು. ಗಾಡಿಯನ್ನು ಜಾಕಿನಿಂದ ಇಳಿಸಿ, ಬಗ್ಗಿ ನೋಡಿದೆ. ಸ್ವಲ್ಪ ಓರೆ ಇತ್ತು. ಪರವಾಗಿಲ್ಲ ಎಂದೆ.

ಚಕ್ರ ನೆಲದಲ್ಲಿದ್ದಾಗ ನೋಡಿದ್ದೇ ತಪ್ಪು.

ಕಣಿ ದಾಟುವಾಗ ಒಂದು ಚಕ್ರ ಗಾಳಿಯಲ್ಲಿ ನೇತಾಡುತ್ತದೆ ಅಲ್ವಾ? ಆಗ ಚಕ್ರ ಎಷ್ಟು ಕೆಳಗೆ ಹೋಗಬಹುದು ಎಂದು ತೀರ್ಮಾನ ಮಾಡುವುದು ಶಾಕ್. ಅದು ಪೂರ್ತಿ ಎಳೆದು ನಿಂತಲ್ಲಿಗೆ ಚಕ್ರವೂ ನಿಲ್ಲುತ್ತದೆ. ದನಕ್ಕೆ ಕಟ್ಟಿದ ಹಗ್ಗ ಇದ್ದ ಹಾಗೆ. ಕಂಪನಿಯವರು ಆ ಹಗ್ಗವನ್ನು ಆಕ್ಸಲ್ ತಡೆಯುವಷ್ಟೇ ಉದ್ದ ಇಟ್ಟಿರುತ್ತಾರೆ. ಬ್ರಾಕೆಟ್ ಹಾಕಿ ನಾನು ಏನು ಮಾಡಿದೆ? ಗೂಟವನ್ನೇ ಕಿತ್ತು ಮುಂದೆ ನೆಟ್ಟೆ. ದನ ಈಗ ಪಕ್ಕದ ಮನೆಯ ಗದ್ದೆಗೂ ಬಾಯಿ ಹಾಕುತ್ತದೆ. ಹೊಸದರಲ್ಲಿ ಯಾವತ್ತೂ ಹೋಗದಷ್ಟು ಕೆಳಗೆ ಚಕ್ರ ಇಳಿಯತೊಡಗಿತು.

ಅದರ ಮೇಲೆ ಇನ್ನೊಂದು ಉಪಕಾರ. ಟ್ರೈಲರಿನ ಭಾರಕ್ಕೆ ಹಿಂದೆ ಕುಸಿಯುತ್ತದೆ ಎಂದು ಸ್ಪ್ರಿಂಗಿನ ಬುಡದ ಮೆಟ್ಟಿಲು ಮೆಟ್ಟಿಲಿನ ರಿಂಗನ್ನು ಕೊನೆಯ ಮೆಟ್ಟಿಲಿಗೆ ತಿರುಗಿಸಿಟ್ಟೆ. ಸ್ಪ್ರಿಂಗ್ ಬಿಗಿ ಆಯಿತು. ಖಾಲಿ ಗಾಡಿ ನಿಂತಲ್ಲೇ ಶಾಕ್ ಬಹುತೇಕ ಪೂರ್ತಿ ಎಳೆದ ಸ್ಥಿತಿ. ಎಂದರೆ ಕಣಿಯಲ್ಲಿ ಒಂದು ಕ್ಷಣ ಆಗಬೇಕಾದ ಓರೆ ಈಗ ಇಡೀ ದಿನ. ಬ್ರಾಕೆಟ್ ಒಂದೇ ಆಗಿದ್ದರೆ ಒಂದೆರಡು ವರ್ಷ ಹೋಗುತ್ತಿತ್ತೋ ಏನೋ. ಬ್ರಾಕೆಟ್, ರಿಂಗ್ ಎರಡೂ ಸೇರಿ ಮೂರು ತಿಂಗಳಲ್ಲಿ ಕೆಲಸ ಮುಗಿಸಿದವು.

ಮಾಡಬೇಕಾದದ್ದು ಹತ್ತು ನಿಮಿಷದ ಕೆಲಸ. ಚಾಸಿಗೆ ಜಾಕ್ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಇಟ್ಟು, ನಾಲ್ಕೂ ಚಕ್ರ ನೇತಾಡುವ ಹಾಗೆ ಮಾಡಬೇಕು. ನ್ಯೂಟ್ರಲ್ ಹಾಕಿ ಒಂದೊಂದೇ ಚಕ್ರವನ್ನು ಕೈಯಲ್ಲಿ ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲಾದರೂ ಹಿಡಿಯುತ್ತದಾ, ಬೂಟಿನ ಮಡಿಕೆ ಒತ್ತುತ್ತದಾ ನೋಡಬೇಕು. ಎದುರಿನದ್ದಕ್ಕೆ ಹ್ಯಾಂಡಲ್ ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ ಇದೇ ಪರೀಕ್ಷೆ. ಬ್ರೇಕಿನ ಪೈಪು ಎಳೆಯುತ್ತದಾ ಅದೂ ಆಗಲೇ ಗೊತ್ತಾಗುತ್ತದೆ. ಒಂದೇ ಒಂದು ಕಡೆ ಹಿಡಿದರೂ ಆ ಕಿಟ್ ನಿಮ್ಮ ಗಾಡಿಗಲ್ಲ, ಬಿಚ್ಚಿ ಇಡಿ.

ಮಳೆಗಾಲ ಬಂತು. ನಮ್ಮ ಕಡೆಯ ಮಳೆ ನಿಮಗೆ ಹೇಳಬೇಕಾಗಿಲ್ಲ. ಜೂನ್ ಕೊನೆಗೆ ತಿರುವಿನಲ್ಲಿ ಹಿಂದಿನಿಂದ ಟಕ್ ಟಕ್ ಎಂದು ಸದ್ದು ಶುರುವಾಯಿತು. ಕಲ್ಲು ಸಿಕ್ಕಿರಬೇಕು ಎಂದು ಬಿಟ್ಟೆ. ಒಂದು ದಿನ ಗಾಡಿ ತೊಳೆಯುವಾಗ ಎಡ ಚಕ್ರದ ರಿಮ್ಮಿನ ಒಳಬದಿಯಲ್ಲಿ ಕಪ್ಪು ಜಿಡ್ಡು. ನೀರು ಹೊಡೆದೆ, ಹೋಗಲಿಲ್ಲ. ಕೆಸರಾದರೆ ನೀರಿಗೆ ಹೋಗಬೇಕಲ್ವಾ? ಅದು ಹರಿದ ಬೂಟಿನಿಂದ ಎರಚಿದ ಗ್ರೀಸ್. ಗ್ರೀಸ್ ಹೊರಗೆ ಬಂದಲ್ಲಿಂದ ಕೆಂಪು ಕೆಸರು ಒಳಗೆ ಹೋಗಿತ್ತು. ಮುರಕಲ್ಲಿನ ಹುಡಿ ಗೊತ್ತಲ್ಲ, ಸಾಣೆಕಲ್ಲಿಗೆ ಕಡಿಮೆ ಇಲ್ಲ.

ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೊದಲನೇ ಮದ್ದು ಮೇ ಕೊನೆಗೆ ಬಿಟ್ಟಿದ್ದೆವು. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್, ಅದೇ ಬೋರ್ಡೋ. ಎರಡನೆಯದು 40-45 ದಿನಕ್ಕೆ ಬಿಡಬೇಕು. ಜುಲೈ ಎರಡನೇ ವಾರ ಮಳೆ ಬಿಟ್ಟು ಎರಡು ದಿನ ಹೊಳವು ಸಿಕ್ಕಿತು. ಮದ್ದು ಬಿಡುವ ಅಣ್ಣನ ಡೇಟ್ ಹೇಗೋ ಹೊಂದಿಸಿದ್ದೆ. ಬೆಳಿಗ್ಗೆ ಏಳಕ್ಕೆ ಪಂಪು, ಪೈಪು, ಡ್ರಮ್ ಎಲ್ಲ ಹೇರಿ ಇಳಿದೆ. ಎರಡನೇ ಕಣಿ ಹತ್ತುವಾಗ ಆಕ್ಸಲೇಟರ್ ಕೊಟ್ಟೆ. ಡಂ ಎಂದು ಒಂದು ಸದ್ದು. ಎಡಗಡೆಯ ಆಕ್ಸಲ್ ಜಾಯಿಂಟಿನಿಂದಲೇ ಕಿತ್ತು ಬಂದು ತೋಳಿಗೂ ಚಾಸಿಗೂ ನಡುವೆ ಸಿಕ್ಕಿಹಾಕಿಕೊಂಡಿತು. ಗಾಡಿ ಮುಂದೆಯೂ ಹೋಗುವುದಿಲ್ಲ, ಹಿಂದೆಯೂ ಬರುವುದಿಲ್ಲ. ತೋಟಕ್ಕೆ ಇರುವ ಒಂದೇ ದಾರಿಗೆ ಅಡ್ಡ, ಟ್ರೈಲರ್ ಸಮೇತ.

ಅದನ್ನು ಎಳೆದು ಬದಿಗೆ ಹಾಕಲು ಮಧ್ಯಾಹ್ನ ಆಯಿತು. ಪಂಪನ್ನು ಹೊತ್ತು ಇಳಿಸಿ ಮೇಲಿನ ಸಾಲಿಗೆ ಸ್ವಲ್ಪ ಬಿಟ್ಟೆವು. ನಾಲ್ಕು ಗಂಟೆಗೆ ಮೋಡ ಕಟ್ಟಿತು, ಮರುದಿನದ ಹೊಳವೂ ಹೋಯಿತು. ಮದ್ದು ಬಿಡುವವರಿಗೆ ಮುಂದಿನ ಮನೆಯ ಡೇಟ್ ಇತ್ತು. ಅವರು ತಿರುಗಿ ಬರುವಾಗ ಹದಿನೇಳು ದಿನ ಕಳೆದಿತ್ತು. ಅಷ್ಟರಲ್ಲಿ ಕೆಳಗಿನ ತೋಟಕ್ಕೆ ಕೊಳೆರೋಗ ಬಂದಾಗಿತ್ತು. ಬುಡದಲ್ಲಿ ಹಸಿರು ಕಾಯಿ ಹಾಸಿದ ಹಾಗೆ ಬಿದ್ದಿತ್ತು. ಅಮ್ಮ ಛತ್ರಿ ಹಿಡಿದು ನಿಂತು ನೋಡಿದರು, ಒಂದು ಮಾತು ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಕ್ಸಲಿಗೆ 20 ಸಾವಿರದ ಮೇಲೆ ಹೋಯಿತು. ಅಡಿಕೆಯಲ್ಲಿ ಹೋದದ್ದರ ಎದುರು ಅದು ಲೆಕ್ಕಕ್ಕೇ ಇಲ್ಲ.

ಹೊಸ ಆಕ್ಸಲ್ ಹಾಕಿದ ಮೆಕ್ಯಾನಿಕ್ ವಯಸ್ಸಾದವರು, ಜಾಸ್ತಿ ಮಾತಿಲ್ಲ. ಬ್ರಾಕೆಟ್ ನೋಡಿ, "ಇದು ಯಾಕೆ ಹಾಕಿದ್ದು?" ಎಂದರು. ಹೊಟ್ಟೆ ತಾಗುತ್ತದೆ ಎಂದೆ. "ಮೊದಲು ತಾಗ್ತಿತ್ತಾ?" ಇಲ್ಲ ಎಂದೆ. "ಹಾಗಾದ್ರೆ ಕಣಿ ಮೇಲೆ ಬಂತಾ, ಗಾಡಿ ಕೆಳಗೆ ಹೋಯ್ತಾ?"

ಇದೇ ಪ್ರಶ್ನೆಯನ್ನು ನಾನು ನಿಮಗೆ ಕೇಳುತ್ತೇನೆ. ಮೊದಲು ತಾಗುತ್ತಿರಲಿಲ್ಲ ಎಂದು ನೀವೇ ಬರೆದಿದ್ದೀರಿ. ಆರು ವರ್ಷ ಭಾರ ಹೊತ್ತ ಸ್ಪ್ರಿಂಗ್ ಕುಸಿದಿರುತ್ತದೆ, ತೋಳಿನ ಕೀಲಿನಲ್ಲಿರುವ ಬುಷ್ ಸವೆದಿರುತ್ತದೆ. ನನ್ನ ಗಾಡಿ ಹೊಸದರಲ್ಲಿ 11 ಇಂಚು ಎತ್ತರ ಇತ್ತು. ಬ್ರಾಕೆಟ್ ಬಿಚ್ಚಿ ಅಳೆದಾಗ ಖಾಲಿ ಇರುವಾಗಲೇ ಒಂಬತ್ತೂವರೆ. ನಾಲ್ಕು ಹೊಸ ಸ್ಪ್ರಿಂಗ್, ಬುಷ್ ಹಾಕಿದ ಮೇಲೆ 11ಕ್ಕೆ ಸ್ವಲ್ಪ ಕಡಿಮೆ. ನಾನು ಲಿಫ್ಟ್ ಎಂದು ಹುಡುಕುತ್ತಿದ್ದ ಎತ್ತರ ನನ್ನದೇ ಆಗಿತ್ತು, ಕಳೆದುಕೊಂಡದ್ದು.

ಹಾಗಾಗಿ 2 ಇಂಚಾ 3 ಇಂಚಾ ಎನ್ನುವ ಪ್ರಶ್ನೆಯೇ ಬೇಡ. 3 ಇಂಚಿನದ್ದಂತೂ ಕೆಲಸದ ಗಾಡಿಗೆ ಹಾಕಲೇಬೇಡಿ. ಗಾಡಿ ಎತ್ತರ ಆದರೆ ಅಡ್ಡ ಇಳಿಜಾರಿನಲ್ಲಿ ಮಗುಚುವ ಭಯ ಜಾಸ್ತಿ, ನಮ್ಮ ಗುಡ್ಡೆಗಳಲ್ಲಿ ಅದು ಸಣ್ಣ ಮಾತಲ್ಲ. ಟ್ರೈಲರಿನ ಕೊಕ್ಕೆಯೂ ಮೇಲೆ ಹೋಗುತ್ತದೆ, ಟ್ರೈಲರಿನಲ್ಲಿರುವ ಭಾರ ಹಿಂದೆ ಜಾರಿ ಕೊಕ್ಕೆಯ ಮೇಲಿನ ಒತ್ತು ಕಡಿಮೆ ಆಗುತ್ತದೆ, ಏರು ಹತ್ತುವಾಗ ಹಿಂದಿನ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ಲಿಫ್ಟಿನ ಜೊತೆ ದೊಡ್ಡ ಟೈರ್ ಹಾಕುತ್ತೇನೆ ಎಂದರೆ ಇನ್ನೊಂದು ಖರ್ಚು. 25ರ ಬದಲು 27 ಇಂಚಿನ ಟೈರ್ ಎಂದರೆ ಗೇರಿಂಗ್ 8 ಶೇಕಡಾ ಭಾರ ಆದ ಹಾಗೆ, ಇಂಜಿನ್ನಿನ ಬಲವನ್ನು ಚಕ್ರದ ಕಡೆಗೆ ಒಯ್ಯುವ ಬೆಲ್ಟ್ ಕಾದು ಜಾರುತ್ತದೆ, ಕ್ಲಚ್ಚಿಗೂ ಕೈ ಹಾಕಬೇಕು. ನಿಮ್ಮ ಗಾಡಿ ಟ್ರಾಕ್ಟರ್ ಎಂದು ರಿಜಿಸ್ಟರ್ ಆಗಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಒಮ್ಮೆ ಓದಿ. ಕಂಪನಿ ಕೊಟ್ಟದ್ದನ್ನು ಬದಲಿಸುವುದಕ್ಕೆ ಅಲ್ಲಿ ತಡೆ ಉಂಟು.

ಮತ್ತೆ, ಹೊಟ್ಟೆ ಒಮ್ಮೊಮ್ಮೆ ತಾಗಿದರೆ ತಾಗಲಿ. ಅಡಿಯಲ್ಲಿ ಸ್ಕಿಡ್ ಪ್ಲೇಟ್ ಇರುವುದು ಅದಕ್ಕೇ. ನಾನು ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಹಾಕಿಸಿದೆ. ಎರಡನೇ ಕಣಿಗೆ ಸಿಮೆಂಟ್ ಪೈಪ್ ಇಟ್ಟು ಮೇಲೆ ಮುರಕಲ್ಲು ಹಾಸಿದೆ. ಇಬ್ಬರು ಆಳು, ಒಂದೂವರೆ ದಿನ. ಕಿಟ್ಟಿಗಿಂತ ಕಡಿಮೆಗೆ ಆಯಿತು.

ನೀವು ಈ ವಾರ ಮಾಡಬೇಕಾದದ್ದು ಇಷ್ಟು. ಸಮತಟ್ಟು ಅಂಗಳದಲ್ಲಿ ಗಾಡಿ ನಿಲ್ಲಿಸಿ, ಟೈರಿನ ಗಾಳಿ ಪುಸ್ತಕದಲ್ಲಿ ಬರೆದಷ್ಟು ಮಾಡಿ, ಹೊಟ್ಟೆಯ ಎತ್ತರ ಅಳೆಯಿರಿ. ಒಮ್ಮೆ ಖಾಲಿ ಇರುವಾಗ, ಒಮ್ಮೆ ನೀವು ಹೇರುವ ಭಾರ ಹೇರಿ. ಪುಸ್ತಕದ ಅಳತೆಯ ಜೊತೆ ಆ ಎರಡನ್ನೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಅಷ್ಟಾಗಿಯೂ ಬ್ರಾಕೆಟ್ಟೇ ಬೇಕೆಂದು ಹಠ ಇದ್ದರೆ ದುಡ್ಡು ಹಾಕಬೇಡಿ, ನನ್ನದೇ ಪಂಪ್ ಶೆಡ್ಡಿನಲ್ಲಿ ಉಂಟು. ಹಿಂದಿನದ್ದು ಮಾತ್ರ ಕೇಳಬೇಡಿ, ಅದಕ್ಕೆ ಅಮ್ಮ ಬಾಳೆಗೊನೆ ನೇತು ಹಾಕುತ್ತಾರೆ.