ಆಟಕ್ಕುಂಟು, ಲೆಕ್ಕಕ್ಕೂ ಇರಬೇಕು

ಒಹಾಯೋದ ಕೊಲಂಬಸ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಹಾಸನದ ಕಡೆಯವರು, ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು. ಮೂರು ವರ್ಷದ ಹಿಂದೆ ಆಫೀಸಿನ ಸಾಫ್ಟ್‌ಬಾಲ್ ಟೀಮಿಗೆ ಸೇರಿದರು. ಬೇಸ್‌ಬಾಲ್‌ನಂಥ ಆಟ ಅದು. ಮೊದಲ ಬೇಸಿಗೆಯಲ್ಲಿ ಒಂದು ಮ್ಯಾಚೂ ಗೆಲ್ಲಲಿಲ್ಲ. ಎರಡನೇ ಬೇಸಿಗೆಯಲ್ಲಿ ಮೂರು ಗೆದ್ದರು. ಈ ವರ್ಷ ಹೊಸ ಕ್ಯಾಪ್ಟನ್ ಬಂದಿದ್ದಾನೆ. ಆಫೀಸಿಗೆ ಸಂಬಂಧವಿಲ್ಲದ ಮೂವರು ಗಟ್ಟಿ ಆಟಗಾರರನ್ನು ಕರೆತಂದಿದ್ದಾನೆ. ಟೀಮು ಗೆಲ್ಲುತ್ತಿದೆ, ನಮ್ಮ ಓದುಗರು ಬೆಂಚಿನ ಮೇಲೆ ಕೂತಿದ್ದಾರೆ. ಟೀಮಿನಲ್ಲಿದ್ದ ಇಬ್ಬರು ಹೆಂಗಸರು ಬರುವುದನ್ನೇ ಬಿಟ್ಟರು. ಹೋದ ವಾರ ಲೀಗಿನ ನಿಯಮದಷ್ಟು ಹೆಂಗಸರಿಲ್ಲದೆ ಮ್ಯಾಚ್ ಆಡುವ ಮೊದಲೇ ಸೋತರು. ‘ನಾನೀಗ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನೋ ಹಾಗಾಗಿದ್ದೇನೆ. ನನ್ನ ಮಗಳು ಮಾತ್ರ ಪ್ರತಿ ಗುರುವಾರ ಬಂದು ಸ್ಕೋರ್ ಬರೆಯುತ್ತಾಳೆ. ಸುಮ್ನೆ ಬಿಟ್ಟುಬಿಡಲಾ?’ ಎಂದು ಕೇಳಿದ್ದಾರೆ.

ನಮಸ್ಕಾರ.

ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ ಹೇಳುತ್ತೇನೆ. ನಾನೂ ಶಿಕಾಗೋ ಹತ್ತಿರದ ಒಂದು ಕಂಪನಿಯ ಟೀಮಿನಲ್ಲಿ ಒಂಬತ್ತು ಬೇಸಿಗೆ ಆಡಿದ್ದೇನೆ. ನಿಮ್ಮ ಪತ್ರದಲ್ಲಿ ಇರುವುದೆಲ್ಲ ನನಗೆ ಗೊತ್ತಿರುವ ನೋವೇ.

ಮೊದಲ ವರ್ಷ ನೀವು ಚೆಂಡನ್ನು ಹಿಂದಕ್ಕೆ ತಿರುಗಿಸಿ ಹೊಡೆದಿರಿ, ಅಂಪೈರ್ ‘ಫೌಲ್’ ಅಂದರು, ನಿಮಗೆ ಯಾಕೆಂದೇ ತಿಳಿಯಲಿಲ್ಲ ಎಂದು ಬರೆದಿದ್ದೀರಿ. ನಮ್ಮ ಕಡೆಯಿಂದ ಬಂದವರಿಗೆಲ್ಲ ಆಗುವುದೇ ಇದು. ಕ್ರಿಕೆಟ್ಟಿನಲ್ಲಿ ಮೈದಾನ ಸುತ್ತಲೂ ನಮ್ಮದು. ಇಲ್ಲಿ ಮುಂದಿನ ಕಾಲು ಭಾಗ ಮಾತ್ರ. ಅಲ್ಲಿ ಹೊಡೆದ ಮೇಲೆ ಓಡಬೇಕೋ ಬೇಡವೋ ಅನ್ನುವುದು ನಮ್ಮಿಷ್ಟ. ಇಲ್ಲಿ ಚೆಂಡು ಗೆರೆಯ ಒಳಗೆ ಬಿತ್ತೆಂದರೆ ಓಡಲೇಬೇಕು, ಅದೂ ಬ್ಯಾಟನ್ನು ಬಿಟ್ಟು. ಬ್ಯಾಟ್ ಹಿಡಿದುಕೊಂಡೇ ಮೊದಲ ಬೇಸ್‌ಗೆ (ಓಡಿ ಮುಟ್ಟಬೇಕಾದ ಮೂಲೆಗೆ) ಓಡಿದ ಎಷ್ಟೋ ಕನ್ನಡಿಗರನ್ನು ನಾನು ನೋಡಿದ್ದೇನೆ. ಫೀಲ್ಡಿಂಗಿನಲ್ಲಿ ಎಡಗೈಗೆ ಗ್ಲೌಸ್ ಹಾಕಿಕೊಂಡ ಮೇಲೂ ಎರಡೂ ಕೈ ಮುಂದೆ ಹೋಗುತ್ತವೆ. ಹತ್ತು ವಯಸ್ಸಿನಲ್ಲಿ ಕಲಿತ ಕೈ ಅಷ್ಟು ಬೇಗ ಮರೆಯುವುದಿಲ್ಲ.

ಆದರೆ ಹಳೆಯದೆಲ್ಲ ವ್ಯರ್ಥವೂ ಅಲ್ಲ. ಆಫೀಸು ಟೀಮುಗಳ ನಿಧಾನದ ಸಾಫ್ಟ್‌ಬಾಲ್‌ನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 65 ಅಡಿಯೋ 70 ಅಡಿಯೋ ಇರುತ್ತದೆ. ಕ್ರಿಕೆಟ್ಟಿನಲ್ಲಿ ಸ್ಟಂಪಿನಿಂದ ಸ್ಟಂಪಿಗೆ 66 ಅಡಿ. ಚೆಂಡು ದೊಡ್ಡದು, ಸುತ್ತಳತೆ ಸಾಮಾನ್ಯವಾಗಿ 12 ಇಂಚು. ಕ್ರಿಕೆಟ್ ಚೆಂಡಿನದು ಹೆಚ್ಚೆಂದರೆ 9 ಇಂಚು. ಅದನ್ನು ಕೆಳಗಿನಿಂದ ಮೇಲಕ್ಕೆ ಎಸೆಯುತ್ತಾರೆ, ಅದು ಕಮಾನಿನಂತೆ ಏರಿ ನಿಮ್ಮ ಮುಂದೆ ಇಳಿಯುತ್ತದೆ. ನೆಲಕ್ಕೆ ಪುಟಿಯುವುದಿಲ್ಲ. ಟೆನಿಸ್ ಬಾಲಿನಲ್ಲಿ ಆಡಿದವರಿಗೆ ಅಷ್ಟು ನಿಧಾನವಾಗಿ ಬರುವ ಚೆಂಡು ಕಂಡರೆ ಕೈ ತಡೆಯುವುದಿಲ್ಲ, ಬೇಗ ಬೀಸಿಬಿಡುತ್ತೇವೆ. ಕಾಯುವುದನ್ನು ಕಲಿತರೆ ಅರ್ಧ ಆಟ ಬಂದಂತೆ. ಎರಡನೇ ವರ್ಷದಲ್ಲಿ ನಿಮಗೆ ಅದು ಬಂತು ಅಂತ ಪತ್ರದಿಂದಲೇ ಗೊತ್ತಾಗುತ್ತದೆ.

ಈಗ ನಿಮ್ಮ ಕ್ಯಾಪ್ಟನ್ ವಿಚಾರ. ‘ಇದು ಗೆಲ್ಲೋದಕ್ಕೆ ಇರೋ ಆಟ’ ಅಂತ ಅವನು ಹೇಳಿದ್ದಾನೆ. ಈ ಆಟ ಹುಟ್ಟಿದ ಬಗೆ ನೋಡಿದರೆ ಹಾಗೆ ಅನ್ನಿಸುವುದಿಲ್ಲ. 1887ರ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ದಿನ, ಶಿಕಾಗೋದ ಫಾರಗಟ್ ಬೋಟ್ ಕ್ಲಬ್‌ನಲ್ಲಿ ಕೆಲವರು ಸೇರಿದ್ದರು. ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ ಏನಾಯಿತು ಎಂದು ತಂತಿ ಸುದ್ದಿಗೆ ಕಾಯುತ್ತಿದ್ದರು. ಸುದ್ದಿ ಬಂದ ಖುಷಿಯಲ್ಲಿ ಒಬ್ಬ ಹಳೆಯ ಬಾಕ್ಸಿಂಗ್ ಗ್ಲೌಸ್ ಎತ್ತಿ ಎಸೆದ, ಇನ್ನೊಬ್ಬ ಕೋಲಿನಿಂದ ಹೊಡೆದ. ಜಾರ್ಜ್ ಹ್ಯಾನ್ಕಾಕ್ ಎಂಬುವರು ಆ ಗ್ಲೌಸನ್ನೇ ಚೆಂಡಿನ ಹಾಗೆ ಬಿಗಿದು ಕಟ್ಟಿದರು, ನೆಲದ ಮೇಲೆ ಗೆರೆ ಎಳೆದರು. ಜಿಮ್ಮಿನ ಒಳಗೇ ಆಟ ಶುರುವಾಯಿತು.

ನನಗೆ ಅದಕ್ಕಿಂತ ಇಷ್ಟವಾದದ್ದು ಮಿನಿಯಾಪೊಲಿಸ್‌ನ ಕಥೆ. 1895ರಲ್ಲಿ ಅಲ್ಲಿನ ಅಗ್ನಿಶಾಮಕ ದಳದ ಲೂಯಿಸ್ ರೋಬರ್, ಠಾಣೆಯ ಪಕ್ಕದ ಖಾಲಿ ಜಾಗದಲ್ಲಿ ತಮ್ಮ ಹುಡುಗರಿಗಾಗಿ ಇಂಥದೇ ಆಟ ಶುರು ಮಾಡಿದರು. ಬೆಂಕಿ ಬಿದ್ದ ಕರೆ ಬರುವವರೆಗೆ ಆ ಹುಡುಗರಿಗೆ ಕೆಲಸವಿಲ್ಲ. ಸುಮ್ಮನೆ ಕೂತರೆ ಮೈ ಜಡ್ಡುಗಟ್ಟುತ್ತದೆ. ಠಾಣೆ ಬಿಟ್ಟು ದೂರ ಹೋಗುವ ಹಾಗೂ ಇಲ್ಲ. ಹಾಗಾಗಿ ಸಣ್ಣ ಜಾಗಕ್ಕೆ ಒಗ್ಗುವ ಆಟ. ಆಮೇಲೆ ‘ಕಿಟನ್ಸ್’ ಎಂಬ ಟೀಮಿನಿಂದ ಅದಕ್ಕೆ ‘ಕಿಟನ್ ಬಾಲ್’ ಅಂತಲೇ ಹೆಸರು ಬಂತು. ಸಾಫ್ಟ್‌ಬಾಲ್ ಅನ್ನುವ ಹೆಸರು ಹುಟ್ಟಿದ್ದು 1926ರಲ್ಲಿ. ನನ್ನ ಮಟ್ಟಿಗೆ ಆ ಠಾಣೆಯವರದೇ ಮೊದಲ ಆಫೀಸ್ ಟೀಮು. ಆ ದಿನ ಡ್ಯೂಟಿಯಲ್ಲಿ ಯಾರಿದ್ದರೋ ಅವರೇ ಆಟಗಾರರು. ಚೆನ್ನಾಗಿ ಆಡುವವರು ಬೇಕೆಂದು ಪಕ್ಕದೂರಿನಿಂದ ಕರೆತಂದರೆ ಆ ಆಟಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಗೆಸ್ಟ್ ಪ್ಲೇಯರ್ ಕರೆಸುವುದು ನಮಗೆ ಹೊಸದೇನಲ್ಲ. ಊರ ಟೂರ್ನಮೆಂಟುಗಳಲ್ಲಿ ಕಬಡ್ಡಿಗೂ ವಾಲಿಬಾಲಿಗೂ ಕರೆಸುತ್ತಾರೆ. ಅಲ್ಲಿ ಊರಿನ ಮಾನದ ಪ್ರಶ್ನೆ, ಬಹುಮಾನದ ಪ್ರಶ್ನೆ. ಆಫೀಸ್ ಟೀಮಿನ ಕಷ್ಟವೇ ಬೇರೆ. ಇದರ ಭಯ ಸೋಲಲ್ಲ, ಜನ ಬಾರದೇ ಇರುವುದು. ನಿಧಾನದ ಸಾಫ್ಟ್‌ಬಾಲಿಗೆ ಹತ್ತು ಜನ ಬೇಕು. ಗುರುವಾರ ಸಂಜೆ ಆರಕ್ಕೆ ಒಬ್ಬರಿಗೆ ಮೀಟಿಂಗು, ಇನ್ನೊಬ್ಬರ ಮಗುವಿಗೆ ಜ್ವರ, ಮತ್ತೊಬ್ಬರು ಟ್ರಾಫಿಕ್ಕಿನಲ್ಲಿ. ಜುಲೈ ಹೊತ್ತಿಗೆ ಅರ್ಧ ಟೀಮು ರಜೆಗೆ ಹೋಗಿರುತ್ತದೆ. ಆಗ ತಪ್ಪದೆ ಬರುವವನೇ ಟೀಮಿನ ಜೀವ. ಅವನ ಕೈಯಲ್ಲಿ ನಾಲ್ಕು ಕ್ಯಾಚು ಜಾರಿದರೂ ಪರವಾಗಿಲ್ಲ, ಅವನು ಇದ್ದುದರಿಂದಲೇ ತಾನೇ ಮ್ಯಾಚು ನಡೆದದ್ದು? ಮೂರು ವರ್ಷ ನೀವು ಒಂದೇ ಒಂದು ಗುರುವಾರ ತಪ್ಪಿಸಿದ್ದೀರಿ ಎಂದು ಬರೆದಿದ್ದೀರಿ. ಅಂಥವರನ್ನು ಬೆಂಚಿನಲ್ಲಿ ಕೂರಿಸುವುದು ತಪ್ಪು. ಕ್ಯಾಪ್ಟನ್‌ಗೆ ಎದುರಿಗೇ ಹೇಳಬೇಕಾದ ತಪ್ಪು.

ಬಿಟ್ಟುಹೋದ ಆ ಇಬ್ಬರು ಹೆಂಗಸರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ: ‘ಅವರ ಕಡೆ ಬಂದ ಚೆಂಡಿಗೂ ಪಕ್ಕದವನೇ ಓಡಿಬರುತ್ತಿದ್ದ.’ ನನಗೆ ಪತ್ರದಲ್ಲಿ ಎಲ್ಲಕ್ಕಿಂತ ಚುಚ್ಚಿದ ಸಾಲು ಅದು. ಒಬ್ಬರು ಕೆಲಸ ಮುಗಿಸಿ, ಬಟ್ಟೆ ಬದಲಿಸಿ, ಮೈದಾನಕ್ಕೆ ಬಂದು, ಒಂದು ಗಂಟೆ ನಿಂತು, ಕೊನೆಗೆ ತಮ್ಮ ಪಾಲಿಗೆ ಬಂದ ಒಂದೇ ಚೆಂಡನ್ನೂ ಬೇರೆಯವರು ಹಿಡಿಯುವುದನ್ನು ನೋಡಬೇಕೇ? ಹಿಡಿಯುತ್ತಿದ್ದರೋ ಬಿಡುತ್ತಿದ್ದರೋ, ಆ ಚೆಂಡು ಅವರದು. ಗಂಡಸರು ಹೆಂಗಸರು ಕೂಡಿ ಆಡುವ ಲೀಗುಗಳಲ್ಲಿ ಇಷ್ಟು ಹೆಂಗಸರು ಇರಲೇಬೇಕು ಎಂದು ನಿಯಮ ಮಾಡುವುದು ಇದಕ್ಕೇ. ಆದರೆ ನಿಯಮ ಅವರನ್ನು ಮೈದಾನದವರೆಗೆ ಮಾತ್ರ ತರುತ್ತದೆ. ಚೆಂಡು ಬಿಟ್ಟುಕೊಡಬೇಕಾದವರು ಪಕ್ಕದಲ್ಲಿ ನಿಂತವರು. ಹೋದ ವಾರದ ಸೋಲು ಅಲ್ಲಿಂದಲೇ ಶುರುವಾಯಿತು. ಇದನ್ನು ಕ್ಯಾಪ್ಟನ್‌ಗೆ ಬಿಡಿಸಿ ಹೇಳಿ. ಗೆಲ್ಲಬೇಕೆನ್ನುವ ಮನುಷ್ಯನಿಗೆ ಈ ಮಾತು ಖಂಡಿತ ಅರ್ಥವಾಗುತ್ತದೆ.

ಬಿಡಬೇಡಿ ಅಂದದ್ದಕ್ಕೆ ನನ್ನ ನಿಜವಾದ ಕಾರಣ ಈಗ ಹೇಳುತ್ತೇನೆ.

ನಮ್ಮ ಟೀಮಿನಲ್ಲಿ ದಾವಣಗೆರೆಯ ಹುಡುಗನೊಬ್ಬ ಶಾರ್ಟ್‌ಸ್ಟಾಪ್ ಆಡುತ್ತಿದ್ದ, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್. ಒಂದು ಮಂಗಳವಾರ ಕಂಪನಿ ಒಂದಿಷ್ಟು ಜನರನ್ನು ಕೆಲಸದಿಂದ ತೆಗೆಯಿತು. ಅವನೂ ಹೋದ. ಎಚ್-1ಬಿ ವೀಸಾ, ಕೆಲಸ ಇದ್ದರೆ ಮಾತ್ರ ಉಳಿಯುವಂಥದ್ದು. ನಿಮಗೆ ಗೊತ್ತು, ಕೆಲಸ ಹೋದ ಮೇಲೆ ಇನ್ನೊಂದು ಹುಡುಕಲು 60 ದಿನ. ಹೆಂಡತಿ ಆಗ ಐದು ತಿಂಗಳ ಬಸುರಿ. ಆಫೀಸಿನವರಿಗೆ ಅವನಿಗೆ ಫೋನ್ ಮಾಡಲೂ ಸಂಕೋಚ. ಏನು ಅಂತ ಮಾತಾಡುವುದು? ನಾನೂ ಎರಡು ದಿನ ಫೋನ್ ಮಾಡಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಗುರುವಾರ ಅವನು ಮೈದಾನಕ್ಕೆ ಬಂದ. ಕಂಪನಿಯ ಹೆಸರಿದ್ದ ಅದೇ ಟೀ ಶರ್ಟು. ಕೆಲಸದಲ್ಲಿ ಇಲ್ಲದವರು ಆಡುವ ಹಾಗಿಲ್ಲ ಅಂತ ಲೀಗಿನ ನಿಯಮ ಇತ್ತು. ನಮ್ಮ ಕ್ಯಾಪ್ಟನ್ ನೇರವಾಗಿ ಎದುರು ಟೀಮಿನ ಹತ್ತಿರ ಹೋಗಿ ವಿಷಯ ಹೇಳಿದರು. ಅವರು ‘ಆಡಲಿ’ ಅಂದರು. ಅಷ್ಟೇ. ಅವನು ಆವತ್ತು ಎರಡು ಸಲ ಔಟಾದ, ಒಂದು ಕ್ಯಾಚ್ ಹಿಡಿದ. ಮ್ಯಾಚ್ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಕಾರಿನ ಡಿಕ್ಕಿ ತೆಗೆದು, ನನ್ನ ಹೆಂಡತಿ ಕಳಿಸಿದ್ದ ಚಿತ್ರಾನ್ನ ತಿನ್ನುತ್ತಾ ನಿಂತೆವು. ಆಗ ಮಾತು ತಾನಾಗಿ ಬಂತು. ಒಬ್ಬರು ರೆಸ್ಯೂಮೆ ನೋಡುತ್ತೇನೆ ಅಂದರು. ಇನ್ನೊಬ್ಬರು ತಮ್ಮ ಅಕ್ಕನ ಕಂಪನಿಯಲ್ಲಿ ವಿಚಾರಿಸುತ್ತೇನೆ ಅಂದರು. ಅವನು ಆಮೇಲೆಯೂ ಆರು ವಾರ ತಪ್ಪದೆ ಬಂದ. ಏಳನೇ ವಾರ ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿತು. ಯಾರ ಮೂಲಕವೂ ಅಲ್ಲ, ಅವನೇ ಹುಡುಕಿಕೊಂಡದ್ದು. ಆದರೆ ‘ವಾರದಲ್ಲಿ ಒಂದು ದಿನ ನನಗೂ ಹೋಗೋಕೆ ಒಂದು ಜಾಗ ಇತ್ತು, ಸರ್’ ಎಂದು ಹೊರಡುವ ದಿನ ಹೇಳಿದ. ಆ ವರ್ಷ ನಾವು ಎಷ್ಟು ಮ್ಯಾಚ್ ಗೆದ್ದೆವು ಎಂದು ನನಗೆ ನೆನಪಿಲ್ಲ.

ಆಫೀಸಿನಲ್ಲಿ ನಮ್ಮನ್ನು ದಿನವೂ ಅಳೆಯುತ್ತಾರೆ. ಸಂಜೆ ಮೈದಾನದಲ್ಲೂ ಅದೇ ತಕ್ಕಡಿ ಬಂದರೆ ಮನುಷ್ಯ ಎಲ್ಲಿ ಹೋಗಬೇಕು? ನಿಮ್ಮ ಸಂಕಟ ಸಣ್ಣದು ಅಂದುಕೊಳ್ಳಬೇಡಿ.

ಹಾಗಂತ ಕ್ಯಾಪ್ಟನ್ ಕೆಟ್ಟವನು ಅಂತ ನಾನು ತೀರ್ಮಾನ ಮಾಡುವುದಿಲ್ಲ. ಮೈದಾನ ಬುಕ್ ಮಾಡುವುದು, ಶುಲ್ಕ ಕಟ್ಟುವುದು, ಎಲ್ಲರಿಗೂ ಮೆಸೇಜ್ ಹಾಕುವುದು, ಮಳೆ ಬಂದರೆ ಹೊಸ ದಿನ ಹುಡುಕುವುದು ಎಲ್ಲವನ್ನೂ ಅವನೇ ಮಾಡುತ್ತಿದ್ದಾನೆ ಅಂತ ನೀವೇ ಬರೆದಿದ್ದೀರಿ. ಅಷ್ಟು ದುಡಿಯುವವನಿಗೆ ಗೆಲ್ಲುವ ಆಸೆ ಇರುವುದು ಸಹಜ. ಅವನ ಜೊತೆ ಒಂದು ಕಾಫಿಗೆ ಕೂತು ಮಾತಾಡಿ, ಗುಂಪಿನ ಮೆಸೇಜಿನಲ್ಲಿ ಬೇಡ. ಎರಡೇ ವಿಷಯ ಕೇಳಿ. ಬಂದವರೆಲ್ಲರೂ ಬ್ಯಾಟ್ ಮಾಡಲಿ. ಎಷ್ಟೋ ಲೀಗುಗಳಲ್ಲಿ ಹದಿಮೂರು ಜನ ಬಂದರೆ ಹದಿಮೂರು ಜನರನ್ನೂ ಬ್ಯಾಟಿಂಗ್ ಸಾಲಿನಲ್ಲಿ ಹಾಕಲು ಅವಕಾಶ ಇರುತ್ತದೆ. ನಿಮ್ಮ ಲೀಗಿನಲ್ಲಿ ಹೇಗೋ ವಿಚಾರಿಸಿಕೊಂಡು ಹೋಗಿ. ಫೀಲ್ಡಿಂಗಿನಲ್ಲಿ ಏಳು ಇನ್ನಿಂಗ್ಸನ್ನು ಹಂಚಿಕೊಳ್ಳಲಿ, ಯಾರೂ ಮೂರಕ್ಕಿಂತ ಜಾಸ್ತಿ ಹೊರಗೆ ಕೂರುವುದು ಬೇಡ. ಹೊರಗಿನ ಮೂವರನ್ನು ಕಳಿಸಿಬಿಡಿ ಅಂತ ಕೇಳಬೇಡಿ. ಅವರೂ ಆಡಬೇಕೆಂದೇ ಬಂದವರು. ಹತ್ತು ಜನ ಆಗದ ದಿನ ಅವರು ಬೇಕಾಗುತ್ತಾರೆ.

ಬಿಟ್ಟುಹೋದ ಇಬ್ಬರಿಗೂ ನೀವೇ ಫೋನ್ ಮಾಡಿ. ‘ನಿಮ್ಮ ಕಡೆ ಬಂದ ಚೆಂಡು ನಿಮ್ಮದೇ’ ಅಂತ ಮಾತು ಕೊಡಿ. ನೀವು ಪಕ್ಕದಲ್ಲಿ ನಿಂತಿದ್ದರೆ ಆ ಮಾತನ್ನು ಉಳಿಸಿಕೊಳ್ಳಿ.

ಇನ್ನೊಂದು, ಮೈ ಬಗ್ಗೆ. ನಿಮಗೆ ನಲವತ್ತಮೂರು. ದಿನವಿಡೀ ಕುರ್ಚಿಯಲ್ಲಿ ಕೂತು, ಕಾರಿನಿಂದ ಇಳಿದ ಕೂಡಲೇ ಮೊದಲ ಬೇಸ್‌ಗೆ ಶಕ್ತಿಮೀರಿ ಓಡಿದರೆ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುತ್ತದೆ. ನಮ್ಮ ಟೀಮಿನಲ್ಲಿ ಚೆಂಡಿನ ಪೆಟ್ಟಿಗಿಂತ ಇದರಿಂದಲೇ ಜಾಸ್ತಿ ಜನ ಮನೆಯಲ್ಲಿ ಕೂತರು. ಹತ್ತು ನಿಮಿಷ ಮೊದಲೇ ಹೋಗಿ, ನಿಧಾನವಾಗಿ ಎರಡು ಸುತ್ತು ಓಡಿ.

ಮಗಳ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ. ಸಾಫ್ಟ್‌ಬಾಲ್ ಸ್ಕೋರ್ ಪುಸ್ತಕದಲ್ಲಿ ಬ್ಯಾಟ್ ಹಿಡಿದ ಪ್ರತಿಯೊಬ್ಬರಿಗೂ ಒಂದು ಸಾಲು ಇರುತ್ತದೆ. ಹೊಡೆದರೂ ಸರಿ, ಔಟಾದರೂ ಸರಿ. ಅವಳು ಅಪ್ಪನ ಹೆಸರಿನ ಮುಂದೆ ಖಾಲಿ ಬಿಡುತ್ತಿರುವುದು ಎಷ್ಟು ವಾರದಿಂದ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ. ಬರುವ ಗುರುವಾರ ಮ್ಯಾಚ್ ಇದೆಯಲ್ಲ, ಅಷ್ಟರೊಳಗೆ ಕ್ಯಾಪ್ಟನ್ ಹತ್ತಿರ ಮಾತಾಡಿ. ಆವತ್ತು ಅವಳ ಪುಸ್ತಕದಲ್ಲಿ ಎಷ್ಟು ಸಾಲು ತುಂಬಿದವು, ಬರೆದು ತಿಳಿಸಿ.

ಸಂಪಾದಕ