ಡೇಟಾಬೇಸಿನಲ್ಲಿ ಕನ್ನಡದ ಬದಲು &#3221; ಥರದ ಸಂಖ್ಯೆಗಳಿವೆ, ಮತ್ತೆ ಅಕ್ಷರ ಮಾಡುವುದು ಹೇಗೆ?

ಹಳೆಯ ಡೇಟಾಬೇಸಿನಿಂದ ತೆಗೆದ, ಕೋಶಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಿಎಸ್‌ವಿ ಫೈಲಿನಲ್ಲಿ ‘ಕನ್ನಡ’ ಇರಬೇಕಾದ ಕಡೆ &#3221;&#3240;&#3277;&#3240;&#3233; ಬಂದಿದೆ ಎಂದಿದ್ದೀರಿ. ಗಾಬರಿ ಬೇಡ, ಅಕ್ಷರ ಕೆಟ್ಟಿಲ್ಲ. ಒಂದೊಂದೂ ಯುನಿಕೋಡಿನಲ್ಲಿ ಆ ಅಕ್ಷರಕ್ಕಿರುವ ನಂಬರು. ಕನ್ನಡದ ಪಾಲು 3200ರಿಂದ 3327. ಮಧ್ಯೆ ಕಾಣುವ 3277 ಒತ್ತು ಕೊಡುವ ಹಲಂತ. ಫಾರಂ ಇದ್ದ ಪುಟ ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಎನ್‌ಕೋಡಿಂಗಿನಲ್ಲಿರದೆ, ಪಶ್ಚಿಮ ಯುರೋಪಿನ ಅಕ್ಷರಗಳಷ್ಟೇ ಇರುವ ಲ್ಯಾಟಿನ್-1ರಲ್ಲಿದ್ದರೆ, ಅದರಲ್ಲಿ ಹಿಡಿಸದ ಅಕ್ಷರವನ್ನು ಬ್ರೌಸರೇ ಹೀಗೆ ಸಂಖ್ಯೆ ಮಾಡಿ ಕಳಿಸಿಬಿಡುತ್ತದೆ. ಬಹುತೇಕ ನಿಮ್ಮಲ್ಲೂ ಅದೇ ಆಗಿದೆ.

ಹತ್ತಿಪ್ಪತ್ತು ಸಾಲಷ್ಟೇ ಇದ್ದರೆ ಎಚ್‌ಟಿಎಂಎಲ್ ಫೈಲಾಗಿ ಉಳಿಸಿ, ಬ್ರೌಸರಿನಲ್ಲಿ ತೆರೆದು ಕಾಪಿ ಮಾಡಿಕೊಳ್ಳಿ. ಸಾವಿರಗಟ್ಟಲೆ ಇದ್ದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಳಸಿ: ಅದರ ಎಚ್‌ಟಿಎಂಎಲ್ ಮಾಡ್ಯೂಲಿನ ಅನ್‌ಎಸ್ಕೇಪ್ ಫಂಕ್ಷನ್ ಸಾಕು, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ಇಡೀ ಫೈಲನ್ನು ಒಟ್ಟಿಗೆ ಅದಕ್ಕೆ ಕೊಡಬೇಡಿ. ಒಳಗೆಲ್ಲೋ &#44; ಇದ್ದರೆ ಅದು ಅಲ್ಪವಿರಾಮವಾಗಿ ಬಿಚ್ಚಿಕೊಂಡು ಕಾಲಂಗಳೆಲ್ಲ ಪಕ್ಕಕ್ಕೆ ಜಾರುತ್ತವೆ. ಮೊದಲು ಸಿಎಸ್‌ವಿ ರೀಡರಿನಿಂದ ಸಾಲು, ಕಾಲಂ ಬೇರೆ ಮಾಡಿ, ಆಮೇಲೆ ಒಂದೊಂದು ಕೋಶವನ್ನು ಬಿಡಿಸಿ. ಫಲಿತಾಂಶವನ್ನು ಎಕ್ಸೆಲ್‌ನಲ್ಲಿ ತೆರೆಯುವುದಾದರೆ ಯುಟಿಎಫ್-8 ಜೊತೆ ಬಿಓಎಂ (ಫೈಲಿನ ಮೊದಲಲ್ಲಿ ಕೂರುವ, ಎನ್‌ಕೋಡಿಂಗ್ ಯಾವುದೆಂದು ತಿಳಿಸುವ ಗುರುತು) ಕೂಡ ಇರಲಿ.

ಬಿಡಿಸಿದ ಮೇಲೂ &#3221; ಹಾಗೇ ಉಳಿದಿದೆಯೇ? ಮೂಲದಲ್ಲಿ &#38;#3221; ಇತ್ತು ಅಂತ ಅರ್ಥ, ಅಂದರೆ ಎರಡು ಸಲ ಎನ್‌ಕೋಡ್ ಆಗಿದೆ. ಇನ್ನೊಂದು ಸಲ ಓಡಿಸಿ, ಆದರೆ 3200–3327ರ ಸಂಖ್ಯೆ ಉಳಿದ ಕೋಶಗಳಿಗೆ ಮಾತ್ರ. ಏನೂ ಉಳಿಯದ ತನಕ ಲೂಪ್ ಹಾಕುವುದು ನನಗೆ ಇಷ್ಟವಿಲ್ಲದ ದಾರಿ. ಬೇಕಂತಲೇ ಕೋಡ್ ತೋರಿಸಿದ ಬರಹ ಇದ್ದರೆ ಅದೂ ಹಾಳಾಗುತ್ತದೆ. 8204 ಕಂಡರೆ ಕಸವೆಂದು ಅಳಿಸಬೇಡಿ. ಕಣ್ಣಿಗೆ ಕಾಣದ ಆ ಅಕ್ಷರ ಹೋದರೆ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ.

&#60; ಕೂಡ ಈಗ ನಿಜವಾದ < ಆಗಿರುತ್ತದೆ. ಹಾಗಾಗಿ ಪುಟದಲ್ಲಿ ತೋರಿಸುವಾಗ ಮತ್ತೆ ಎಸ್ಕೇಪ್ ಮಾಡಲೇಬೇಕು (ಅಂದರೆ ಅಂಥ ಚಿಹ್ನೆಗಳನ್ನು ಕೋಡ್ ರೂಪಕ್ಕೆ ತರಬೇಕು), ಇಲ್ಲದಿದ್ದರೆ ಯಾರೋ ತುಂಬಿದ ಸ್ಕ್ರಿಪ್ಟ್ ನಿಮ್ಮ ಪುಟದಲ್ಲಿ ಓಡುತ್ತದೆ.

ಸಾಲಿನ ತುದಿಯಲ್ಲಿ &#3 ಎಂದು ತುಂಡಾಗಿದ್ದರೆ ಮಾತ್ರ ದಾರಿಯಿಲ್ಲ. ಒಂದು ಕನ್ನಡ ಅಕ್ಷರ ಹೀಗೆ 7 ಜಾಗ ತಿನ್ನುತ್ತದೆ. 255 ಚಿಹ್ನೆಗಳಷ್ಟೇ ಹಿಡಿಯುವ ಕಾಲಂನಲ್ಲಿ 36 ಅಕ್ಷರ ಹಿಡಿದು, 37ನೆಯದು ಮೂರು ಚಿಹ್ನೆಗೇ ಕತ್ತರಿಸಿಹೋಗಿರುತ್ತದೆ. ಅಂಥ ಸಾಲುಗಳನ್ನು ಬೇರೆ ತೆಗೆದಿಟ್ಟು, ಮೂಲ ಪ್ರತಿ ನೋಡಿ ಕೈಯಲ್ಲೇ ತುಂಬಿಸಬೇಕು.